ಬಿಸಿಲು ಅಳೆಯುವ ಶಂಕ್ರವ್ವ

ಬಂಕಾಪುರದಾಚೆ, ಗೋವಿನಜೋಳದ ಹೊಲಗಳ ನಡುವಿನ ದಿಬ್ಬದ ಮೇಲೆ ಮಂಜು ಇನ್ನೂ ಕರಗಿಲ್ಲ. ಅದರೊಳಗಿಂದಲೇ ಮೂಡಿದಂತೆ ಶಂಕ್ರವ್ವ ಬರುತ್ತಾರೆ. ಗಿಡ್ಡ ಕಂಬದ ಮೇಲಿನ ಪುಟ್ಟ ಗಾಜಿನ ಗುಮ್ಮಟಕ್ಕೆ ಕೂತ ಇಬ್ಬನಿಯನ್ನು ಮೆತ್ತನೆಯ ಬಟ್ಟೆಯಿಂದ ಒರೆಸುತ್ತಾರೆ. ಒತ್ತುವಂತಿಲ್ಲ, ಗೀರು ಬೀಳುತ್ತದೆ. ಮೂಡಣ ಕೆಂಪಾಗುತ್ತದೆ. ಎಳೆಬಿಸಿಲು ಗಾಜಿನ ಮೇಲೆ ಇಳಿಯುತ್ತಲೇ ಪಕ್ಕದ ಪೆಟ್ಟಿಗೆಯಲ್ಲಿ ಅಂಕಿಗಳು ಸೊನ್ನೆಯಿಂದ ಮೆಲ್ಲಗೆ ಮೇಲೇಳುತ್ತವೆ. ಆ ಗಳಿಗೆಗೆ ಅವರು ಉಸಿರು ಹಿಡಿದು ನಿಂತಿರುತ್ತಾರೆ.

"ಎಲ್ಲಾರೂ ಸೂರ್ಯಾ ಹುಟ್ಟೋದು ನೋಡ್ತಾರ್ರಿ. ನಾನು ಅಂವ ಒಂದೊಂದ ಹೆಜ್ಜಿ ಇಡೋದು ನೋಡ್ತೇನಿ."

ಈ ಸೀಮೆಗೆ ವರ್ಷವಿಡೀ ಎಷ್ಟು ಬಿಸಿಲು ಬೀಳುತ್ತದೆಂದು ಸಂಶೋಧಕರ ತಂಡವೊಂದು ಈ ಗುಮ್ಮಟದ ಯಂತ್ರದಿಂದ ಅಳೆಯುತ್ತಿದೆ. ಸೌರ ವಿದ್ಯುತ್ತನ್ನು ಎಲ್ಲಿ, ಎಷ್ಟು ತೆಗೆಯಬಹುದೆಂಬುದು ತಿಳಿಯುವುದು ಅದರಿಂದಲೇ. ಹತ್ತಿ ಬಿಡಿಸುವ ಕೂಲಿಗೆ ಹೋಗುತ್ತಿದ್ದ, ಮೂರನೇ ಇಯತ್ತೆ ಓದಿದ ಶಂಕ್ರವ್ವನಿಗೆ ಈಗ ಐವತ್ತೆರಡು. ಗಂಡ ತೀರಿಕೊಂಡ ವರ್ಷ ಈ ಕೆಲಸ ಸಿಕ್ಕಿತು. ದಿನಕ್ಕೆ ಮೂರು ಸಲ ಗಾಜು ಒರೆಸಬೇಕು. ಮೋಡ, ಧೂಳು, ಮಳೆ ಬರೆದಿಡಬೇಕು. ಐದು ವರ್ಷದಲ್ಲಿ ಒಂದು ದಿನವೂ ತಪ್ಪಿಸಿಲ್ಲ. ಮಗಳು ಮಾಲಾಳ ಮದುವೆಯ ದಿನವೂ ಅಕ್ಕಿಕಾಳು ಬೀಳುವ ಮೊದಲು ದಿಬ್ಬ ಹತ್ತಿ ಇಳಿದವರು.

ಹೋದ ವರ್ಷ ಎಷ್ಟೋ ದಿನ ಬೆಳಗಿನ ಅಂಕಿಗಳು ಇದ್ದಕ್ಕಿದ್ದಂತೆ ಕುಸಿದು, ಮತ್ತೆ ಏಳತೊಡಗಿದವು. ತಂಡದ ರಾಜಶ್ರೀ ಬಂದು ನೋಡಿ, ಯಂತ್ರ ಕೆಟ್ಟಿರಬೇಕು, ವರ್ಷದ ಮಾಹಿತಿಯನ್ನೇ ಕೈಬಿಡಬೇಕಾದೀತು, ಈ ಕೇಂದ್ರ ಮುಚ್ಚಿದರೂ ಮುಚ್ಚಬಹುದು ಎಂದರು. ಶಂಕ್ರವ್ವ ತಮ್ಮ ನೋಟುಬುಕ್ಕು ತಂದು ಮುಂದಿಟ್ಟರು.

'ಏಳು ಇಪ್ಪತ್ತಕ್ಕ ನವಿಲು ಬಂತು. ಏಳು ಮೂವತ್ತಕ್ಕ ಹೋತು.'

ಅಂಕಿ ಕುಸಿದ ಅರವತ್ತಮೂರು ಬೆಳಗಿಗೂ ಅಂಥದೊಂದು ಸೊಟ್ಟ ಅಕ್ಷರದ ಸಾಲಿತ್ತು. ಮೂಡಣ ದಿಕ್ಕಿನ ಬೇಲಿಗಂಬದ ಮೇಲೆ ಕೂತ ನವಿಲಿನ ನೆರಳು ಗುಮ್ಮಟದ ಮೇಲೆ ಬೀಳುತ್ತಿತ್ತು, ಅಷ್ಟೇ. ಓಡಿಸಬಹುದಿತ್ತಲ್ಲ ಎಂದು ರಾಜಶ್ರೀ ಕೇಳಿದರು.

"ಅದೂ ಬಿಸಲು ಕಾಸಾಕ ಬರ್ತಿತ್ರಿ ಅಕ್ಕಾರ, ಓಡಸಾಕ ಮನಸ್ಸು ಬರಲಿಲ್ಲ. ಆದ್ರ ಕಂಡದ್ದು ಮುಚ್ಚಿಡಬಾರದಲ್ಲ, ಬರದಿಟ್ಟೆ."

ಆ ಹತ್ತು ಹತ್ತು ನಿಮಿಷಗಳನ್ನು ಬೇರ್ಪಡಿಸಿದ ಮೇಲೆ ಉಳಿದ ವರ್ಷವೆಲ್ಲ ಚೊಕ್ಕವಾಗಿ ಕೈಗೆ ಬಂತು. ಬೇಲಿಯನ್ನು ದೂರಕ್ಕೆ ಸರಿಸಿದರು. ಕೇಂದ್ರ ಉಳಿಯಿತು.

ಮುಂದೇನು ಆಸೆ ಎಂದರೆ ಶಂಕ್ರವ್ವ ಸೆರಗು ಸರಿಮಾಡಿಕೊಂಡು, ಗಾಳಿಗೆ ತೂಗುವ ಬೆಳೆಯತ್ತ ನೋಡುತ್ತಾರೆ.

"ಗಾಳಿ ಅಳಿಯೋದೂ ಐತಂತ್ರಿ. ಅದನ್ನೂ ಕಲಸ್ರಿ ಅಂತ ಕೇಳೇನಿ. ಕಣ್ಣಿಗೆ ಕಾಣದ್ದನ್ನ ಹ್ಯಾಂಗ ಬರೀತಾರೋ, ಒಮ್ಮಿ ಬರದು ನೋಡಬೇಕು."