ಜರಡಿಯಲ್ಲಿ ಉಳಿದ ಗೆಜ್ಜೆ

ಮುಳುಗಿದ ಹಡಗಿನ ಚಿನ್ನವನ್ನು ಕಡಲತೀರದಲ್ಲಿ ಹುಡುಕುವವರ ವಿಡಿಯೋವನ್ನು ಮೊಮ್ಮಗಳು ತೋರಿಸಿದಳು. ಮಕ್ಕಳೇ, ನನಗೆ ಹೇಮಾವತಿಯ ಹಸಿ ಮರಳಿನ ವಾಸನೆಯೇ ಬಂತು.

ಮದುವೆ ದಿಬ್ಬಣದ ಹರಿಗೋಲು ಮುಳುಗಿದ್ದ ಕಡವಿನಲ್ಲಿ, ಬೇಸಿಗೆ ಬಂದರೆ ನಾವೆಲ್ಲ ಒಡವೆಗಾಗಿ ಮರಳು ಜರಡಿ ಹಿಡಿಯುತ್ತಿದ್ದೆವು. ಆ ಹರಿಗೋಲು ಹತ್ತಿದ್ದ ನಮ್ಮ ಚಿಕ್ಕವ್ವನ ಸುಳಿವೇ ಸಿಕ್ಕಿರಲಿಲ್ಲ. ಮಗಳು ಎಲ್ಲೋ ದಡ ಸೇರಿದ್ದಾಳೆಂದು ನಮ್ಮಜ್ಜಿ ದಿನವೂ ಅವಳಿಗೊಂದು ಮುದ್ದೆ ಎತ್ತಿಡುತ್ತಿದ್ದಳು. ಸಂಜೆ ಹೊಳೆಗೆ ಬಂದು, "ಏನೂ ಸಿಕ್ನಿಲ್ವಲ್ಲ? ಸದ್ಯ, ನಡೀರಿ ಉಣ್ಣಾಕೆ" ಎನ್ನುತ್ತಿದ್ದಳು.

ಒಂದು ದಿನ ನನ್ನ ಜರಡಿಯಲ್ಲಿ ಬೆಳ್ಳಿ ಕಾಲ್ಗೆಜ್ಜೆ ಉಳಿಯಿತು. ಅದರ ಕೊಂಡಿಗೆ ತಾಮ್ರದ ತಂತಿ ಸುತ್ತಿತ್ತು. ಅಜ್ಜಿ ಅದನ್ನು ಹೆಬ್ಬೆರಳಿನಿಂದ ಬಹಳ ಹೊತ್ತು ಸವರಿದಳು.

"ನಾ ಸುತ್ಕೊಟ್ಟಿದ್ ತಂತಿ ಇಂಗಿರ್ನಿಲ್ಲ. ಇದು ನಮ್ದಲ್ಲ ಕಣವ್ವ" ಎಂದು ಮಡುವಿಗೆ ಎಸೆದುಬಿಟ್ಟಳು. ಅಂದೂ ಮುದ್ದೆ ಎತ್ತಿಟ್ಟಳು.

ವಿಡಿಯೋ ಮುಗಿದಾಗ, ನಾವೂ ಹೀಗೆ ಹುಡುಕಿದ್ದೆವು ಎಂದೆ. "ಏನ್ ಸಿಕ್ತಜ್ಜಿ?" ಎಂದಳು ಮೊಮ್ಮಗಳು.

"ಏನೂ ಸಿಕ್ನಿಲ್ಲ ಕಣವ್ವ."