ಮುಂದಿನ ಬಲ ಟೈರು

ಕಾಂತರಾಜು ಸತ್ತದ್ದು ಕಾರಿನಲ್ಲೇ, ಸ್ಟಿಯರಿಂಗ್ ಮುಂದೆ ಕೂತ ಹಾಗೆಯೇ. ದೇವನಹಳ್ಳಿ ಏರ್‌ಪೋರ್ಟಿನಲ್ಲಿ ಪ್ಯಾಸೆಂಜರ್‌ಗೆ ಕಾಯುತ್ತಿದ್ದವನ ಎದೆ ನಿಂತುಹೋಗಿತ್ತು. ಫೋನ್ ಬಡಿದುಕೊಳ್ಳುತ್ತಿದ್ದರೂ ಎತ್ತುತ್ತಿಲ್ಲವಲ್ಲ ಎಂದು ಪಕ್ಕದ ಗಾಡಿಯವನು ಬಂದು ಗಾಜು ತಟ್ಟಿದಾಗಲೇ ಗೊತ್ತಾದದ್ದು. ತಿಥಿಯೆಲ್ಲ ಮುಗಿದ ಮೇಲೆ ಅವನ ತಮ್ಮ ಕೆಂಪರಾಜು ಕಾರನ್ನು ದೊಡ್ಡಬಳ್ಳಾಪುರ ತಾಲೂಕಿನ ಮಧುರೆ ಹತ್ತಿರದ ಮನೆಗೆ ತಂದು, ಅಂಗಳದ ಹೊಂಗೆಮರದ ಕೆಳಗೆ ನಿಲ್ಲಿಸಿ, ಕೀಯನ್ನು ಅತ್ತಿಗೆಗೆ ಕೊಟ್ಟ.

"ಮಾರ್ಬಿಡೋಣ ಅತ್ಗೆ. ಸಾವಾದ ಗಾಡಿ ಮನೆ ಮುಂದೆ ಬ್ಯಾಡ."

ಮುನಿರತ್ನಮ್ಮ ಕೀಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ದೊಡ್ಡಬಳ್ಳಾಪುರದ ಗಾರ್ಮೆಂಟ್ಸಿನಲ್ಲಿ ಹದಿಮೂರು ವರ್ಷದಿಂದ ಕಾಲರ್ ಹೊಲಿಯುತ್ತಿದ್ದ ಹೆಂಗಸು. ಮಾತು ಕಡಿಮೆ, ಹಿಡಿದದ್ದನ್ನು ಬಿಡುವವಳಲ್ಲ.

ನಾಲ್ಕು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಅಡುಗೆಮನೆ ಕಿಟಕಿಯಿಂದ ನೋಡಿದರೆ ಕಾರು ಒಂದು ಪಕ್ಕಕ್ಕೆ ವಾಲಿತ್ತು. ಮುಂದಿನ ಬಲ ಟೈರಿನ ಗಾಳಿ ಇಳಿದಿತ್ತು, ಡ್ರೈವರ್ ಕಡೆಯದು. ದಪ್ಪನೆಯ ಮನುಷ್ಯ ಯಾರೋ ಹತ್ತಿ ಕೂತ ಹಾಗೆ ಕಾಣುತ್ತಿತ್ತು. ಕಾಂತರಾಜು ದಪ್ಪಗಿದ್ದ.

ಡಿಕ್ಕಿಯಲ್ಲಿ ಗಂಡನ ಪುಟ್ಟ ಗಾಳಿ ಪಂಪಿತ್ತು. ಸಿಗರೇಟ್ ಲೈಟರಿನ ತೂತಿಗೆ ಸಿಕ್ಕಿಸಿದರೆ ಓಡುವಂಥದ್ದು. ಆದರೆ ನಿಂತು ನಿಂತು ಕಾರಿನ ಬ್ಯಾಟರಿ ಸತ್ತಿತ್ತು. ಮನೆ ಕರೆಂಟಿನಿಂದಲೇ ಓಡಿಸಿದರೆ ಆಗದೇ ಎಂದುಕೊಂಡಳು. ಪಂಪಿನ ಮೇಲೆ ಹನ್ನೆರಡು ವೋಲ್ಟ್ ಅಂತಿತ್ತು, ಟೀವಿ ಡಬ್ಬದ ಅಡಾಪ್ಟರ್ ಮೇಲೂ ಹನ್ನೆರಡೇ ಇತ್ತು. ವೈರಿಗೆ ವೈರು ಸುತ್ತಿದಳು. ಪಂಪು ಒಂದು ಸಲ ನರಳಿ ನಿಂತಿತು. ಅಡಾಪ್ಟರ್ ಸುಟ್ಟ ವಾಸನೆ ಬಿಟ್ಟಿತು.

ಫ್ಯಾಕ್ಟರಿಯ ಮೆಕ್ಯಾನಿಕ್ ಸಂಜೀವಪ್ಪ ಕೇಳಿ ನಕ್ಕ. "ವೋಲ್ಟ್ ಒಂದೇ ಆದ್ರೆ ಸಾಲ್ದು ಅಕ್ಕ. ಆ ಅಡಾಪ್ಟರ್ ಎರಡು ಆಂಪ್ಸ್ ಕೊಡ್ತದೆ, ನಿಮ್ಮ ಪಂಪು ಹತ್ತು ಎಳೀತದೆ. ಬಾವೀಲಿ ನೀರಿದ್ರೂ ಕೊಳವೆ ಸಣ್ಣದಾದ್ರೆ ಏನು ಮಾಡ್ತೀರ." ಅಂಗಡಿ ಬೋರ್ಡುಗಳ ದೀಪಕ್ಕೆ ಹಾಕುವ, ಇಪ್ಪತ್ತು ಆಂಪ್ಸಿನ ತಗಡಿನ ಡಬ್ಬವೊಂದನ್ನು ತಂದು, ಲೈಟರ್ ತೂತಿನಂಥ ಸಾಕೆಟ್ಟು ಜೋಡಿಸಿಕೊಟ್ಟ. "ಒದ್ದೆ ಕೈಯಲ್ಲಿ ಮುಟ್ಬೇಡಿ. ಹತ್ತು ನಿಮಿಷಕ್ಕಿಂತ ಜಾಸ್ತಿ ಓಡಿಸ್ಬೇಡಿ."

ಪಂಪು ಟರ್ ಎಂದು ಓಡಿತು. ಅದರ ಮೀಟರಿನ ಮುಳ್ಳು ಮೂವತ್ತೆರಡಕ್ಕೆ ಬಂತು, ಕಾರು ನೆಟ್ಟಗಾಯಿತು. ಮರುದಿನ ಬೆಳಿಗ್ಗೆ ನೋಡಿದರೆ ಮತ್ತೆ ವಾಲಿತ್ತು.

ಹೀಗೆ ಒಂದು ವಾರ. ಕೊನೆಗೆ ಪಂಕ್ಚರ್ ಅಂಗಡಿಯ ಆವಲಪ್ಪನನ್ನು ಕರೆಸಿದಳು. ಅವನು ಚಕ್ರ ಬಿಚ್ಚಿ ತೊಟ್ಟಿ ನೀರಿನಲ್ಲಿ ಮುಳುಗಿಸಿ ತಿರುಗಿಸಿದ. ಒಂದು ಗುಳ್ಳೆಯೂ ಏಳಲಿಲ್ಲ. ಏನಕ್ಕೂ ಇರಲಿ ಎಂದು ಆ ಚಕ್ರವನ್ನು ಹಿಂದಕ್ಕೆ ಹಾಕಿ, ಹಿಂದಿನದನ್ನು ಮುಂದಕ್ಕೆ ತಂದ. ಬೆಳಿಗ್ಗೆ ಹಿಂದೆ ಹೋದ ಟೈರು ಗಟ್ಟಿಯಾಗಿತ್ತು. ಮುಂದೆ ಬಂದದ್ದು ಇಳಿದಿತ್ತು. ವಿಷಯ ತಿಳಿದ ಆವಲಪ್ಪ ಕೂಲಿಯನ್ನೂ ಕೇಳಲಿಲ್ಲ, ಆ ಕಡೆ ಮತ್ತೆ ಬರಲೂ ಇಲ್ಲ.

ಮುನಿರತ್ನಮ್ಮ ಮಾತ್ರ ದಿನವೂ ಗಾಳಿ ತುಂಬಿದಳು. ಹಾಲು ಕಾಯಿಸುವ ಹಾಗೆ ಅದೂ ಒಂದು ಕೆಲಸವಾಯಿತು.

ಒಂದು ಭಾನುವಾರ ಮಧ್ಯಾಹ್ನ, ಸುಡುಬಿಸಿಲು. ಪಂಪು ಓಡುತ್ತಿತ್ತು, ಮುಳ್ಳು ಹತ್ತೊಂಬತ್ತರಲ್ಲಿತ್ತು. ಆಗ ಕರೆಂಟು ಹೋಯಿತು. ಒಳಗೆ ಫ್ಯಾನು ನಿಧಾನವಾಗಿ ನಿಂತಿತು, ಪಕ್ಕದ ಮನೆಯ ಟೀವಿ ಬಾಯಿ ಮುಚ್ಚಿತು, ದೂರದ ಹಿಟ್ಟಿನ ಗಿರಣಿಯೂ ಸುಮ್ಮನಾಯಿತು. ಊರಿಗೆ ಊರೇ ಮೌನವಾದ ಆ ಹೊತ್ತಿನಲ್ಲಿ ಪಂಪು ಮಾತ್ರ ಓಡುತ್ತಲೇ ಇತ್ತು.

ಆಕೆ ಒಳಗೆ ಹೋಗಿ ಸ್ವಿಚ್ಚು ಆರಿಸಿದಳು. ಓಡುತ್ತಿತ್ತು. ಪ್ಲಗ್ಗನ್ನೇ ಕಿತ್ತು ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದಳು. ಆಗಲೂ ಓಡುತ್ತಿತ್ತು. ಮುಳ್ಳು ಇಪ್ಪತ್ತಾರು ದಾಟಿತ್ತು.

ಡ್ರೈವರ್ ಕಡೆಯ ಗಾಜಿನೊಳಗೆ ಬಗ್ಗಿ ನೋಡಿದಳು. ಯಾರೂ ಇರಲಿಲ್ಲ. ಸೀಟಿನ ಮೇಲಿನ ಮರದ ಮಣಿಗಳ ಹಾಸು ಮಾತ್ರ ನಡುವೆ ಒತ್ತಿ ಕೆಳಗಿಳಿದಿತ್ತು. ಆಕೆಗೆ ಅಲ್ಲಿಂದ ಓಡಬೇಕೆನಿಸಿತು, ಆದರೆ ಓಡಲಿಲ್ಲ. ಬಾಗಿಲು ತೆರೆದು, ಗಂಡ ಡ್ಯೂಟಿಯಿಂದ ಬಂದಾಗ ಮಾತಾಡಿಸುತ್ತಿದ್ದ ದನಿಯಲ್ಲೇ ಹೇಳಿದಳು:

"ಪ್ಯಾಸೆಂಜರ್ ಬೇರೆ ಗಾಡೀಲಿ ಹೋಗಾಯ್ತು ಕಣ್ರೀ. ಇನ್ನೂ ಎಷ್ಟು ಹೊತ್ತು ಕಾಯ್ತೀರ. ಇಳೀರಿ."

ಕೆಳಗೆಲ್ಲೋ ಸ್ಪ್ರಿಂಗು ಕಿರುಗುಟ್ಟಿತು. ಮಣಿಗಳು ಒಂದೊಂದಾಗಿ ಮೇಲೆದ್ದವು. ಕಾರಿನ ಆ ಮೂಲೆ ಒಂದು ಬೆರಳಿನಷ್ಟು ಎತ್ತರವಾಯಿತು. ಆಕೆಯ ಪಕ್ಕದಲ್ಲೇ ಯಾರೋ ಹಾದುಹೋದ ಹಾಗೆ ಸೆರಗು ಅಲುಗಿತು. ಮುಳ್ಳು ಮೂವತ್ತೆರಡಕ್ಕೆ ತಾಗಿತು, ಪಂಪು ತಾನೇ ನಿಂತಿತು.

ಸೋಮವಾರ ಸಂಜೀವಪ್ಪನನ್ನು ಕೇಳಿದಳು. "ಕರೆಂಟು ಹೋದ್ಮೇಲೂ ಅದು ಓಡ್ತದಾ?"

"ಡಬ್ಬದೊಳಗೆ ಒಂಚೂರು ಉಳ್ಕೊಂಡಿರ್ತದೆ ಅಕ್ಕ."

"ಎಷ್ಟೊತ್ತು ಓಡ್ತದೆ?"

"ಕಣ್ಣು ಮಿಟುಕಿಸೋಷ್ಟು. ಯಾಕೆ?"

"ಸುಮ್ಮನೆ ಕೇಳ್ದೆ," ಎಂದು ಮೆಷಿನ್ನಿಗೆ ನೂಲು ಹಾಕತೊಡಗಿದಳು.

ಕಾರು ಮಾರಲಿಲ್ಲ. ಹೊಸ ಬ್ಯಾಟರಿ ಹಾಕಿಸಿ, ನಲವತ್ತೊಂದನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು, ಗಾರ್ಮೆಂಟ್ಸ್ ಬಿಟ್ಟು, ಅದೇ ಏರ್‌ಪೋರ್ಟಿಗೆ ಟ್ಯಾಕ್ಸಿ ಓಡಿಸಿದಳು. ಕೆಂಪರಾಜು ಒಂದು ವರ್ಷ ಮಾತು ಬಿಟ್ಟಿದ್ದ, ಆಮೇಲೆ ಸರಿಹೋದ.

ಟೈರು ಮತ್ತೆ ಇಳಿಯಲಿಲ್ಲ. ಮೊದಮೊದಲು ಬೆಳಿಗ್ಗೆ ಎದ್ದವಳೇ ಕಿಟಕಿಗೆ ಹೋಗಿ ನೋಡುತ್ತಿದ್ದಳು. ಕಾರು ನೆಟ್ಟಗೆ ನಿಂತಿರುತ್ತಿತ್ತು. ಅದನ್ನು ಕಂಡು ಕೆಲವು ದಿನ ಆಕೆಗೆ ಊಟ ಸೇರಲಿಲ್ಲ.