ದುರ್ಬೀನಣ್ಣನ ಬಲಗಣ್ಣು

ಸರ್ವೆ ಆಫೀಸಿನಲ್ಲಿ ಅವನನ್ನ ಎಲ್ಲರೂ ದುರ್ಬೀನಣ್ಣ ಅಂತಲೇ ಕರೀತಿದ್ರು. ಅವನ ಕೆಲಸ ಥಿಯೋಡೊಲೈಟ್ ನೋಡೋದು. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕೂರೋ ದುರ್ಬೀನು ಅದು. ಎಡಕ್ಕೆ ಬಲಕ್ಕೆ ತಿರುಗಿಸಿದ್ರೆ ಅಡ್ಡ ಕೋನ ಸಿಗುತ್ತೆ, ಮೇಲಕ್ಕೆ ಕೆಳಕ್ಕೆ ಮಾಡಿದ್ರೆ ಎತ್ತರದ ಕೋನ ಸಿಗುತ್ತೆ. ದೂರದ ಗುರುತಿನ ಮೇಲೆ ಒಳಗಿರೋ ಕೂದಲೆಳೆಯಂಥ ಗೆರೆ ಕೂರಿಸಬೇಕು. ಆಮೇಲೆ ಪಕ್ಕದ ತಟ್ಟೆ ಮೇಲಿರೋ ಅಂಕಿಯನ್ನ ಭೂತಗನ್ನಡಿಯಲ್ಲಿ ಓದಬೇಕು. ಅಲ್ಲಿ ಎರಡು ಪಟ್ಟಿ ಇರುತ್ತೆ. ದೊಡ್ಡ ಪಟ್ಟಿಯ ಗೆರೆಗೆ ಸಣ್ಣ ಪಟ್ಟಿಯ ಯಾವ ಗೆರೆ ನೆಟ್ಟಗೆ ಕೂತಿದೆ ಅಂತ ನೋಡಿ ಡಿಗ್ರಿ, ಮಿನಿಟು, ಸೆಕೆಂಡು ಹೇಳಬೇಕು. ಒಂದು ಗೆರೆ ಆಚೆ ಈಚೆ ಆದ್ರೆ ಇಪ್ಪತ್ತು ಸೆಕೆಂಡು ತಪ್ಪಿತು.

ಮೂವತ್ತೊಂದು ವರ್ಷ ಅವನು ಇದನ್ನ ಬಲಗಣ್ಣಲ್ಲೇ ಮಾಡಿದ. ಎಡಗಣ್ಣು ಮುಚ್ಚೋದು ಎಷ್ಟು ಅಭ್ಯಾಸ ಆಗಿತ್ತು ಅಂದ್ರೆ, ಏನನ್ನೇ ಸರಿಯಾಗಿ ನೋಡಬೇಕಾದ್ರೂ ಅದು ತಾನಾಗೇ ಮುಚ್ಚಿಕೊಳ್ತಿತ್ತು. ಮದುವೆಗೆ ಮುಂಚೆ ಹೆಂಡತಿ ಮನೆಗೆ ಮೊದಲ ಸಲ ಹೋದಾಗಲೂ ಹಂಗೇ ನೋಡಿದ್ದ. ಈ ಹುಡುಗ ನಮ್ಮ ಮುಂದೇನೇ ಮಗಳಿಗೆ ಕಣ್ಣು ಹೊಡೀತಾನಲ್ಲ ಅಂತ ಮಾವ ಒಳಗೆ ಹೋಗಿ ಕೂಗಾಡಿದ್ನಂತೆ. ಹಳೇ ದುರ್ಬೀನಿನಲ್ಲಿ ಲೋಕ ಎಲ್ಲ ತಲೆಕೆಳಗಾಗಿ ಕಾಣುತ್ತೆ. ಇವರು ನನ್ನನ್ನೂ ಅದರಲ್ಲೇ ನೋಡಿ ಒಪ್ಪಿಕೊಂಡಿರಬೇಕು, ಇಲ್ಲಾಂದ್ರೆ ನನ್ನ ಬಾಯಿ ಇಷ್ಟು ದೊಡ್ಡದು ಅಂತ ಗೊತ್ತಾಗ್ತಿತ್ತು ಅಂತ ಹೆಂಡತಿ ಇವತ್ತಿಗೂ ನಗಾಡ್ತಾಳೆ.

ಆ ಕೆಲಸದಲ್ಲಿ ಎರಡು ಕಟ್ಟುನಿಟ್ಟಿನ ನಿಯಮ ಇತ್ತು. ನೋಡೋನು ಅಂಕಿ ಕೂಗಬೇಕು, ಬರೆಯೋರು ಅದನ್ನ ತಿರುಗಿ ಕೂಗಿ ಆಮೇಲೆ ಬರೀಬೇಕು. ಎರಡನೇದು, ಕಣ್ಣಿಡೋ ಜಾಗದಲ್ಲಿ ಒಂದು ಬಳೆ ಇರುತ್ತೆ. ನೋಡೋನು ಅದನ್ನ ತನ್ನ ಕಣ್ಣಿಗೆ ಸರಿಯಾಗಿ ತಿರುಗಿಸಿಟ್ಟ ಮೇಲೆ ಬೇರೆಯವರು ಮುಟ್ಟೋ ಹಂಗಿಲ್ಲ. ಒಬ್ಬರ ಹಲ್ಲುಜ್ಜೋ ಬ್ರಷ್ಷನ್ನ ಇನ್ನೊಬ್ಬರು ಬಾಯಿಗೆ ಹಾಕ್ಕೊಂಡಂಗೆ ಅದು. ದುರ್ಬೀನಣ್ಣನ ಬಳೆ ವರ್ಷಗಟ್ಟಲೆ ಒಂದೇ ಕಡೆ ನಿಂತಿರ್ತಿತ್ತು.

ಅವನ ಅಂಕಿ ಬರೀತಿದ್ದವಳು ಒಬ್ಬ ಹೆಣ್ಣುಮಗಳು. ಎಂಟು ವರ್ಷದಿಂದ ಅವನ ಜೊತೆ ಇದ್ದಳು. ಪುಸ್ತಕ ಎದೆಗೆ ಒತ್ತಿಕೊಂಡೇ ಓಡಾಡ್ತಿದ್ಲು ಅಂತ ಅವಳಿಗೆ ಪುಸ್ತಕದಮ್ಮ ಅಂತ ಹೆಸರು ಬಿದ್ದಿತ್ತು. ಮಾತು ಕಮ್ಮಿ. ಅವನನ್ನ ಅಣ್ಣ ಅಂತಿದ್ಲು.

ಆ ವರ್ಷ ಅವರಿಬ್ಬರಿಗೆ ಒಂದು ನೀರಿನ ಟ್ಯಾಂಕು ನೋಡೋ ಕೆಲಸ ಬಂತು. ಎಂಟು ಕಂಬದ ಮೇಲೆ ನಿಂತ ಹಳೇ ಟ್ಯಾಂಕು. ಅದರ ಬುಡದಲ್ಲೇ ದೊಡ್ಡ ಮೋರಿಗೆ ಅಗೀತಿದ್ರು. ಮಣ್ಣು ಕುಸಿದು ಟ್ಯಾಂಕು ವಾಲೀತು ಅಂತ ಎಂಜಿನಿಯರ್ ಸಾಹೇಬರಿಗೆ ಅನುಮಾನ. ಟ್ಯಾಂಕಿನ ತಲೆ ಮೇಲೆ ಒಂದು ಕೆಂಪು ಗುರುತು, ಕಂಬದ ಬುಡದಲ್ಲಿ ಒಂದು ಗುರುತು ಹಾಕಿಸಿದ್ರು. ದಿನಾ ಬೆಳಿಗ್ಗೆ ಏಳಕ್ಕೆ ರಸ್ತೆಯ ಆ ತುದಿಯಲ್ಲಿ ಕಾಂಕ್ರೀಟಿಗೆ ಹೊಡೆದ ಮೊಳೆಯ ಮೇಲೆ ದುರ್ಬೀನು ನಿಲ್ಲಿಸಬೇಕು. ದೂರದ ಆಸ್ಪತ್ರೆ ಗೋಡೆಯ ಗುರುತಿಂದ ಟ್ಯಾಂಕಿನ ಗುರುತಿಗೆ ಎಷ್ಟು ಕೋನ ಅಂತ ನೋಡಬೇಕು. ಕೋನ ಬದಲಾಗಲಿಲ್ಲ ಅಂದ್ರೆ ಟ್ಯಾಂಕು ಅಲ್ಲಾಡಿಲ್ಲ ಅಂತ ಲೆಕ್ಕ.

ಟ್ಯಾಂಕಿನ ಕೆಳಗೆ ಸಾಲುಮನೆ ಇದ್ವು. ಮೂರನೇ ಮನೆ ದುರ್ಬೀನಣ್ಣನ ಮಗಳದ್ದು. ಅವಳಿಗೆ ನಾಲ್ಕು ತಿಂಗಳ ಕೂಸು.

ಮೊದಲ ದಿನ ನಲವತ್ತೇಳು ಡಿಗ್ರಿ, ಹನ್ನೆರಡು ಮಿನಿಟು, ನಲವತ್ತು ಸೆಕೆಂಡು ಬಂತು. ಹದಿನೈದು ದಿನ ಹೆಚ್ಚುಕಮ್ಮಿ ಅದೇ. ಒಂದಿನ ಇಪ್ಪತ್ತು ಸೆಕೆಂಡು ಮೇಲೆ, ಒಂದಿನ ಇಪ್ಪತ್ತು ಕೆಳಗೆ. ಅದೇನು ದೊಡ್ಡದಲ್ಲ.

ಅಷ್ಟರಲ್ಲಿ ಕಣ್ಣು ಕೈಕೊಡೋಕೆ ಶುರುವಾಯ್ತು. ದುರ್ಬೀನಿನ ಕೂದಲೆಳೆ ಗೆರೆಯೂ ಪಟ್ಟಿಯ ಗೆರೆಯೂ ಎರಡೆರಡಾಗಿ ಕಾಣ್ತಿತ್ತು. ಗಾಜು ಮಸುಕಾಗಿದೆ ಅಂತ ಒರೆಸಿದ. ಒರೆಸಿದ್ರೂ ಎರಡೇ. ಬಳೆ ಆ ಕಡೆ ಈ ಕಡೆ ತಿರುಗಿಸಿದ. ಒಂದು ಗಳಿಗೆ ಸರಿ ಆಯ್ತು, ಮತ್ತೆ ಒಡೀತು. ಮನೆಯಲ್ಲಿ ಎಡಗಣ್ಣು ಮುಚ್ಚಿ ಗೋಡೆ ಕ್ಯಾಲೆಂಡರ್ ನೋಡಿದ. ಎಂಟು ಯಾವುದು, ಮೂರು ಯಾವುದು ತಿಳೀಲಿಲ್ಲ. ಎಡಗಣ್ಣಂತೂ ಚಿಕ್ಕಂದಿನಿಂದ ಅಷ್ಟಕ್ಕಷ್ಟೇ. ಅಲ್ಲೇ ಕುರ್ಚಿ ಹಿಡ್ಕೊಂಡು ಕೂತುಬಿಟ್ಟ.

ಅವನಿಗಿಂತ ಮುಂಚೆ ಅದೇ ಆಫೀಸಿನಲ್ಲಿ ಒಬ್ಬ ಹಿರಿಯ ಇದ್ದ. ಇವನಿಗೆ ಕೆಲಸ ಕಲಿಸಿದವನೇ ಅವನು. ಅವನ ಕಣ್ಣು ಹೋದ ಮೇಲೆ ಉಗ್ರಾಣದಲ್ಲಿ ಗೂಟ ಎಣಿಸೋಕೆ ಕೂರಿಸಿದ್ರು. ಜನ ಬಾಗಿಲಲ್ಲೇ ನಿಂತು ಗೂಟ ಕೇಳೋರು, ಇಸ್ಕೊಂಡು ಹೋಗೋರು. ಒಬ್ಬನೂ ಒಳಗೆ ಬಂದು ಒಂದು ಮಾತಾಡ್ತಿರಲಿಲ್ಲ. ದುರ್ಬೀನಣ್ಣನೂ ಹಂಗೇ ಬಾಗಿಲಲ್ಲಿ ನಿಂತು ಇಸ್ಕೊಂಡು ಹೋದವನೇ. ಈಗ ಆ ಉಗ್ರಾಣದ ಕತ್ತಲೇ ಅವನ ಕಣ್ಮುಂದೆ ಬರ್ತಿತ್ತು. ಯಾರಿಗೂ ಹೇಳಲಿಲ್ಲ. ಹೆಂಡತಿ ಮುಂದೆ ಚಹಾ ಬಗ್ಗಿಸೋದೂ ಬಿಟ್ಟ, ಲೋಟದ ಹೊರಗೆ ಬಿದ್ದೀತು ಅಂತ.

ಒಂದಿನ ಬೆಳಿಗ್ಗೆ ಗೆರೆ ಹನ್ನೆರಡು ದಾಟಿ ಹದಿಮೂರು ಮಿನಿಟಿನ ಹತ್ತಿರ ಕೂತಂಗೆ ಕಾಣ್ತು. ಮತ್ತೆ ನೋಡಿದ. ಗೆರೆ ಎರಡಾಯ್ತು, ಒಂದು ಇಲ್ಲಿ ಒಂದು ಅಲ್ಲಿ. ಇದು ಟ್ಯಾಂಕಲ್ಲ, ನನ್ನ ಕಣ್ಣೇ ಅಂದ್ಕೊಂಡ. ಹದಿಮೂರು ಅಂತ ಕೂಗಿದ್ರೆ ಏನಾಗುತ್ತೆ ಅಂತ ಅವನಿಗೆ ಗೊತ್ತಿತ್ತು. ಸಾಹೇಬರು ಓಡಿ ಬರ್ತಾರೆ, ಇನ್ನೊಬ್ಬನ ಕೈಲಿ ನೋಡಿಸ್ತಾರೆ, ಟ್ಯಾಂಕು ನೆಟ್ಟಗಿರುತ್ತೆ, ಕಣ್ಣಿನ ಗುಟ್ಟು ಬಯಲಾಗುತ್ತೆ.

ಪುಸ್ತಕದಮ್ಮ ಪೆನ್ಸಿಲ್ ಹಿಡ್ಕೊಂಡು ಕಾಯ್ತಿದ್ಲು. ಅವನು ನಲವತ್ತೇಳು, ಹನ್ನೆರಡು, ನಲವತ್ತು ಅಂತ ಕೂಗಿಬಿಟ್ಟ. ಅವಳು ತಿರುಗಿ ಕೂಗಿ ಬರ್ಕೊಂಡ್ಲು.

ನಿನ್ನೆಯ ಅಂಕಿ ತಲೆಯಲ್ಲಿ ಇಟ್ಕೊಂಡು ಗಾಜಿಗೆ ಕಣ್ಣಿಡಬೇಡ ಅಂತ ಆ ಹಿರಿಯ ಅವನಿಗೆ ಮೊದಲ ದಿನವೇ ಹೇಳಿದ್ದ. ಈ ಕೆಲಸದಲ್ಲಿ ಆಗೋ ದೊಡ್ಡ ತಪ್ಪು ಅದೇ. ಗಾಜು ಹೇಳಿದ್ದನ್ನ ಬಿಟ್ಟು ನೆನಪು ಹೇಳಿದ್ದನ್ನ ಕೂಗೋದು.

ಮಾರನೇ ದಿನವೂ ಕೂಗಿದ. ಅದರ ಮಾರನೇ ದಿನವೂ. ಕಾಣ್ತಿದ್ದ ಗೆರೆ ದಿನಾ ಇಷ್ಟಿಷ್ಟೇ ಮುಂದೆ ಹೋಗ್ತಿತ್ತು, ಅವನ ಬಾಯಿ ಮಾತ್ರ ಅಲ್ಲೇ ನಿಂತಿತ್ತು. ಕಣ್ಣು ದಿನದಿಂದ ದಿನಕ್ಕೆ ಕೆಡ್ತಿದೆ, ಅದಕ್ಕೇ ಗೆರೆ ಸರೀತಿದೆ ಅಂತ ತನಗೆ ತಾನೇ ಹೇಳ್ಕೊಂಡ. ಆದ್ರೂ ಅಲ್ಲಿಂದ ಬರೋವಾಗ ಟ್ಯಾಂಕಿನ ಕಡೆ ತಲೆ ಎತ್ತಿ ನೋಡೋಕೆ ಧೈರ್ಯ ಸಾಲ್ತಿರಲಿಲ್ಲ. ಮೇಲಿಂದ ನೀರು ತೊಟ್ಟಿಕ್ಕೋ ಸದ್ದು ಕೇಳಿದ್ರೂ ಹೆಜ್ಜೆ ಜೋರು ಮಾಡ್ತಿದ್ದ. ಊಟಕ್ಕೆ ಕೂತ್ರೆ ಸುಮ್ನೆ ಅನ್ನ ಕಲಸ್ತಾನೇ ಇರ್ತಿದ್ದ. ಯಾಕ್ರೀ, ತಟ್ಟೆಯಲ್ಲಿ ಡಿಗ್ರಿ ಹುಡುಕ್ತಿದ್ದೀರಾ ಅಂತ ಹೆಂಡತಿ ಕೇಳಿದಳು. ಅವನು ತಟ್ಟೆ ಸರಿಸಿ ಎದ್ದ.

ಹಂಗೆ ಕೂಗೋಕೆ ಶುರು ಮಾಡಿದ ಒಂಬತ್ತನೇ ದಿನ ಕೆಲಸ ಮುಗಿಸಿ ಮಗಳ ಮನೆಗೆ ಹೋದ. ಕೂಸು ಕಿಟಕಿ ಪಕ್ಕ ಮಲಗಿದ್ದು ಹೊರಗಿಂದಲೇ ಕಾಣ್ತು. ಮಗಳು ಒಳಗಿಂದ ಬಾಗಿಲು ಎಳೀತಿದ್ಲು, ಅದು ಬರ್ತಿರಲಿಲ್ಲ. ಇವನು ಹೊರಗಿಂದ ತಳ್ಳಿದ. ಬಾಗಿಲು ನೆಲಕ್ಕೆ ಕೆರ್‍ರ್ ಅಂತ ಉಜ್ಜಿ ತೆಗೀತು.

ಒಂದು ವಾರದಿಂದ ಹಿಂಗೇ ಹಿಡೀತಿದೆ ಅಂದ್ಲು ಮಗಳು. ಅಳಿಯ ಎರಡು ಸಲ ಕೆಳಗೆ ಉಜ್ಜುಗೊರಡು ಹೊಡೆದು ಮರ ಕೆರೆದ್ನಂತೆ. ಹೊಡೆದ ಎರಡು ದಿನ ಸರಿ ಇರುತ್ತೆ, ಮತ್ತೆ ಹಿಡಿಯುತ್ತೆ. ಪಕ್ಕದ ಮನೆಯಲ್ಲೂ ಹಂಗೇ ಅಂತೆ. ಮರ ಉಬ್ಬಿದೆ ಅಂತ ಅಳಿಯ ಹೇಳಿದ್ನಂತೆ.

ದುರ್ಬೀನಣ್ಣ ಬಗ್ಗಿ ಹೊಸ್ತಿಲ ಮೇಲೆ ಕೈಯಿಟ್ಟ. ಮರ ಉಬ್ಬಿರಲಿಲ್ಲ. ಚೌಕಟ್ಟೇ ಒಂದು ಕಡೆಗೆ ವಾಲಿತ್ತು. ಅದನ್ನ ನೋಡೋಕೆ ದುರ್ಬೀನೂ ಬೇಕಿರಲಿಲ್ಲ, ಬಲಗಣ್ಣೂ ಬೇಕಿರಲಿಲ್ಲ.

ಚಹಾ ಮಾಡ್ತೀನಿ ಕೂತ್ಕೋ ಅಪ್ಪಾ ಅಂತ ಮಗಳು ಹೇಳ್ತಾನೇ ಇದ್ಲು. ಕೂಸನ್ನ ಎತ್ಕೋ, ಅಮ್ಮನ ಹತ್ತಿರ ಹೋಗು, ಈಗಲೇ ಹೋಗು ಅಂದ. ಯಾಕೆ ಅಂತ ಅವಳು ಕೇಳೋದ್ರೊಳಗೆ ರಸ್ತೆಗೆ ಇಳಿದಾಗಿತ್ತು. ಅಪ್ಪನಿಗೆ ಏನೋ ಅರಳುಮರಳು ಅಂದ್ಕೊಂಡು ಅವಳು ಮತ್ತೆ ಅಡುಗೆಗೆ ನಿಂತಳು.

ಪುಸ್ತಕದಮ್ಮ ಆಫೀಸಿನಲ್ಲಿ ಲೆಕ್ಕ ತಾಳೆ ನೋಡ್ತಿದ್ಲು. ಬಾ ತಾಯಿ, ಇನ್ನೊಂದು ಸಲ ನೋಡಬೇಕು ಅಂದ. ಅವಳು ಪುಸ್ತಕ ತಗೊಂಡು ಎದ್ದಳು. ಇಬ್ಬರೂ ಪೆಟ್ಟಿಗೆ ಹೊತ್ಕೊಂಡು ಹೋಗಿ ಮೊಳೆಯ ಮೇಲೆ ದುರ್ಬೀನು ನಿಲ್ಲಿಸಿದ್ರು. ತೂಗುಗುಂಡನ್ನ ಮೊಳೆ ನೆತ್ತಿಗೆ ತರೋಕೆ ಅವನಿಗೆ ಆಗಲಿಲ್ಲ, ಮೊಳೆಯೇ ಎರಡಾಗಿ ಕಾಣ್ತಿತ್ತು. ಅವಳೇ ಹಿಡಿದು ನಿಲ್ಲಿಸಿದ್ಲು.

ಆಮೇಲೆ ಅವನು ಪಕ್ಕಕ್ಕೆ ಸರಿದು ನಿಂತ.

"ನೀನು ನೋಡು."

ಅವಳು ಅವನ ಮುಖ ನೋಡಿದ್ಲು. "ಬಳೆ ಮುಟ್ಟಬೇಕಾಗುತ್ತೆ ಅಣ್ಣ."

"ಮುಟ್ಟು. ನನಗೆ ಕಾಣಲ್ಲ."

"ಗೊತ್ತು," ಅಂದ್ಲು ಅವಳು. "ಎಷ್ಟೋ ದಿನದಿಂದ ನೀವು ಆ ಬಳೆ ತಿರುಗಿಸ್ತಾನೇ ಇದ್ದೀರಿ. ಒಂಬತ್ತು ದಿನ ಒಂದು ಸೆಕೆಂಡೂ ಆಚೆ ಈಚೆ ಇಲ್ಲದೆ ಒಂದೇ ಅಂಕಿ ಕೂಗಿದ್ರಿ. ಹಂಗೆ ಯಾವತ್ತೂ ಬರಲ್ಲ. ಕೇಳೋಕೆ ನನಗೂ ಭಯ ಆಯ್ತು."

ಅವಳು ಬಳೆ ತಿರುಗಿಸಿ ಕಣ್ಣಿಟ್ಟಳು. ಆಸ್ಪತ್ರೆ ಗೋಡೆ, ಟ್ಯಾಂಕಿನ ಗುರುತು. ತುಂಬಾ ಹೊತ್ತು ತಗೊಂಡ್ಲು. ಪುಸ್ತಕ ಅವನ ಕೈಯಲ್ಲಿತ್ತು.

"ನಲವತ್ತೇಳು. ಹದಿನಾಲ್ಕು. ಇಪ್ಪತ್ತು."

ತಿರುಗಿ ಕೂಗಬೇಕಿತ್ತು. ಅವನು ಅದನ್ನ ಮರೆತು ಟ್ಯಾಂಕಿನ ಕಡೆ ತಲೆ ಎತ್ತಿದ.

ಅವಳು ದುರ್ಬೀನಿನ ಕೊಳವೆಯನ್ನ ಮಗುಚಿ ಇನ್ನೊಂದು ಮುಖದಲ್ಲಿ ನೋಡಿದ್ಲು. ಯಂತ್ರದ ತಪ್ಪಿದ್ರೆ ಎರಡು ಮುಖದ ಅಂಕಿ ಬೇರೆ ಬೇರೆ ಬರುತ್ತೆ. ಆದ್ರೆ ಈ ಮುಖದಲ್ಲೂ ಅದೇ ಅಂಕಿ ಬಂತು. ಕಂಬದ ಬುಡಕ್ಕೆ ಎತ್ತರದ ಕೋನ ನೋಡಿದ್ಲು. ಗುರುತು ಕೆಳಗಿಳಿದಿತ್ತು. ಟ್ಯಾಂಕಿನ ತಲೆ ಎರಡು ಬೆರಳಿನಗಲ ಮೋರಿ ಕಡೆಗೆ ಹೋಗಿತ್ತು.

ಎರಡು ಬೆರಳು ಅಂದ್ರೆ ಕಣ್ಣಿಗೆ ಕಾಣೋದಲ್ಲ. ಕೆಳಗೆ ಜನ ಬಟ್ಟೆ ಒಣಗಿಸ್ತಿದ್ರು, ಒಬ್ಬ ಕಂಬಕ್ಕೆ ಸೈಕಲ್ ಒರಗಿಸ್ತಿದ್ದ.

ದುರ್ಬೀನಣ್ಣ ಪುಸ್ತಕ ಹಿಡ್ಕೊಂಡು ಆಫೀಸಿಗೆ ಓಡಿದ. ಐವತ್ತೆಂಟು ವರ್ಷದವನು ಅಷ್ಟು ಓಡಿದ್ದನ್ನ ಯಾರೂ ನೋಡಿರಲಿಲ್ಲ. ಸಾಹೇಬರು ನಾಲ್ಕು ಜನರ ಜೊತೆ ಕೂತಿದ್ರು. ಟ್ಯಾಂಕು ವಾಲ್ತಿದೆ, ಜನರನ್ನ ಖಾಲಿ ಮಾಡಿಸಿ, ನೀರು ಬಿಡಿಸಿ ಅಂದ. ಸಾಹೇಬರು ಪುಸ್ತಕ ತೆಗೆದು ಹಾಳೆ ಮಗುಚಿದ್ರು. ಬೆಳಿಗ್ಗೆ ತಾನೇ ಸರಿ ಇದೆಯಲ್ಲ ಅಂದ್ರು.

ಸುಳ್ಳು ಹೇಳೋಕೆ ಅಲ್ಲೂ ಜಾಗ ಇತ್ತು. ಇವತ್ತೇ ವಾಲಿತು ಅನ್ನಬಹುದಿತ್ತು. ಆದ್ರೆ ಒಂದೇ ದಿನಕ್ಕೆ ಇಷ್ಟಾಗಿದೆ ಅಂದ್ರೆ ಅವರು ನಂಬಲ್ಲ, ನಾಳೆ ಬೆಳಿಗ್ಗೆ ಇನ್ನೊಮ್ಮೆ ನೋಡೋಣ ಅಂತಾರೆ. ಅದು ಅವನಿಗೆ ಗೊತ್ತಿತ್ತು.

"ಒಂಬತ್ತು ದಿನದಿಂದ ನಾನು ನೋಡಿದ್ದನ್ನ ಹೇಳಿಲ್ಲ ಸಾರ್. ನನ್ನ ಕಣ್ಣು ಹೋಗಿದೆ. ಹಳೇ ಅಂಕಿನೇ ಕೂಗ್ತಿದ್ದೆ. ನನ್ನ ಅಂಕಿ ಬರೆಯೋಳು ಈಗ ನೋಡಿರೋದು ನಿಜ."

ಸಾಹೇಬರು ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು ಅನ್ನಿಸ್ತು ಅವನಿಗೆ. ಅವರು ಪುಸ್ತಕ ಮುಚ್ಚಿಟ್ರು. ಫೋನ್ ಎತ್ತಿದ್ರು.

ಅರ್ಧ ಗಂಟೆಯಲ್ಲಿ ಸಾಲುಮನೆ ಖಾಲಿ ಮಾಡಿಸೋಕೆ ಶುರು ಮಾಡಿದ್ರು. ಹಗ್ಗ ಕಟ್ಟಿದ್ರು. ವಾಲ್ವ್ ತೆಗೆದ್ರು. ನೀರು ದಬದಬ ಅಂತ ಆಚೆ ಬದಿಯ ಚರಂಡಿಗೆ ಬಿತ್ತು. ಟ್ಯಾಂಕು ಖಾಲಿ ಆಗೋಕೆ ಐದು ಗಂಟೆ ಬೇಕು. ಅಷ್ಟೂ ಹೊತ್ತು ಕಾಲು ಗಂಟೆಗೊಂದು ಸಲ ಕೋನ ನೋಡಬೇಕು ಅಂತ ಸಾಹೇಬರು ಹೇಳಿದ್ರು. ಪುಸ್ತಕದಮ್ಮ ನೋಡಿ ಕೂಗಿದ್ಲು, ದುರ್ಬೀನಣ್ಣ ತಿರುಗಿ ಕೂಗಿ ಬರೆದ. ಮೊದಲ ಸಲ ಇಪ್ಪತ್ತು ಸೆಕೆಂಡು ಹೆಚ್ಚಾಯ್ತು. ಎರಡನೇ ಸಲ ಮತ್ತೆ ಇಪ್ಪತ್ತು. ಅವಳ ತುಟಿ ಅಲ್ಲಾಡೋವರೆಗೂ ಅವನಿಗೆ ನೀರಿನ ಸದ್ದು ಬಿಟ್ರೆ ಬೇರೇನೂ ಕೇಳ್ತಿರಲಿಲ್ಲ. ಐದನೇ ಸಲ ಅಂಕಿ ನಿಂತಿತು. ಆರನೇ ಸಲವೂ ನಿಂತಿತ್ತು. ಏಳನೇ ಸಲ ಇಪ್ಪತ್ತು ಕಮ್ಮಿ ಬಂತು.

ಬಿಸಿಲು ಇಳಿಯೋ ಹೊತ್ತಿಗೆ ಟ್ಯಾಂಕಲ್ಲಿ ನೀರಿರಲಿಲ್ಲ. ಅದು ಹಂಗೇ ವಾಲಿಕೊಂಡು ನಿಂತಿತ್ತು. ಯಾರಿಗೂ ಏನೂ ಆಗಲಿಲ್ಲ.

ಹಗ್ಗದ ಆಚೆ ಜನದ ನಡುವೆ ಮಗಳು ನಿಂತಿದ್ಲು. ಹೆಗಲ ಮೇಲೆ ಕೂಸು, ಕಾಲ ಹತ್ತಿರ ಬಟ್ಟೆಯ ಚೀಲ. ಸುದ್ದಿ ಅವಳವರೆಗೂ ಬಂದಾಗಿತ್ತು. ಅಂಥ ಮಾತು ಹಬ್ಬೋಕೆ ಎಷ್ಟು ಹೊತ್ತು. ದುರ್ಬೀನಣ್ಣ ಹಗ್ಗದ ಕೆಳಗೆ ನುಸುಳಿ ಹತ್ತಿರ ಹೋದ. ಟ್ಯಾಂಕು ಬೀಳೋದಕ್ಕೆ ಅವನು ಅಷ್ಟು ಹೆದರಿದ್ದ, ಈಗ ಅವಳು ಬಾಯಿ ತೆರೆಯೋದಕ್ಕೆ ಅದಕ್ಕಿಂತ ಹೆದರಿದ್ದ.

"ನಿಂಗೆ ಗೊತ್ತಿತ್ತಾ ಅಪ್ಪಾ?"

"ಕಾಣ್ತಿತ್ತು. ನಾನು ನಂಬಲಿಲ್ಲ."

"ಒಂಬತ್ತು ದಿನ ಇವನನ್ನ ಆ ಕಿಟಕಿ ಹತ್ತಿರಾನೇ ಮಲಗಿಸ್ತಿದ್ದೆ," ಅಂದ್ಲು. ಜೋರಾಗಿ ಹೇಳಲಿಲ್ಲ, ಅಳಲೂ ಇಲ್ಲ.

ಅವನು ಕೂಸಿಗೆ ಅಂತ ಎರಡೂ ಕೈ ಚಾಚಿದ. ಯಾವಾಗ್ಲೂ ಹಂಗೇ ಚಾಚ್ತಿದ್ದ, ಅವಳು ಯಾವಾಗ್ಲೂ ಕೊಡ್ತಿದ್ಲು. ಇವತ್ತು ಅವಳು ಕೂಸನ್ನ ಇನ್ನೊಂದು ಹೆಗಲಿಗೆ ಹಾಕ್ಕೊಂಡ್ಲು. ಆಮೇಲೆ ಕಾಲಲ್ಲಿ ಚೀಲವನ್ನ ಅವನ ಕಡೆಗೆ ಒಂಚೂರು ಸರಿಸಿದ್ಲು.

ದುರ್ಬೀನಣ್ಣ ಬಗ್ಗಿ ಚೀಲ ಎತ್ಕೊಂಡ. ಮಗಳು ಮುಂದೆ, ಅವನು ಹಿಂದೆ. ಅವನ ಮನೆ ಸೇರೋವರೆಗೂ ಅವಳು ಒಂದು ಸಲವೂ ತಿರುಗಿ ನೋಡಲಿಲ್ಲ.